ಗಂತಿಗೆ ಕಾವು, ಔಷಧಕ್ಕೆ ದಾರಿ

ಕ್ಯಾನ್ಸರ್‌ಗೆ ಔಷಧ ಹಾಕಿಸಿಕೊಂಡು ಬಂದವರ ಮನೆಯಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ. ‘ರೋಗ ಇರುವುದು ಹೊಟ್ಟೆಯಲ್ಲಿ. ತಲೆಗೂದಲು ಏಕೆ ಉದುರಬೇಕು? ಬಾಯಿ ಏಕೆ ಹುಣ್ಣಾಗಬೇಕು?’ ಪ್ರಶ್ನೆ ನ್ಯಾಯವಾದುದೇ. ತೋಳಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟ ಔಷಧ ರಕ್ತದೊಡನೆ ಬೆರೆತು ಕೆಲವೇ ನಿಮಿಷಗಳಲ್ಲಿ ಇಡೀ ದೇಹವನ್ನು ಸುತ್ತುತ್ತದೆ. ಅದಕ್ಕೆ ಗಂತಿಯ ವಿಳಾಸ ಗೊತ್ತಿಲ್ಲ. ಬೇಗ ಬೇಗ ಇಬ್ಭಾಗವಾಗುವ ಜೀವಕೋಶ ಎಲ್ಲಿ ಸಿಕ್ಕಿದರೂ ಅದರ ಮೇಲೆ ಎರಗುತ್ತದೆ. ಕೂದಲಿನ ಬೇರು, ಬಾಯಿ ಮತ್ತು ಕರುಳಿನ ಒಳಪೊರೆ, ರಕ್ತಕಣಗಳನ್ನು ತಯಾರಿಸುವ ಮೂಳೆಮಜ್ಜೆ, ಇವೆಲ್ಲ ಅಂಥ ಜೀವಕೋಶಗಳು ತುಂಬಿರುವ ಜಾಗಗಳು. ಹೀಗೆ ದೇಹವೆಲ್ಲ ಹಂಚಿಹೋದ ಔಷಧದಲ್ಲಿ ಗಂತಿಯ ಪಾಲಿಗೆ ಬರುವುದು ಬಹಳ ಸಣ್ಣ ಅಂಶ.

ಹಾಗಾದರೆ ಇನ್ನಷ್ಟು ಹೆಚ್ಚು ಔಷಧ ಕೊಟ್ಟರಾಯಿತಲ್ಲ ಎನ್ನಬಹುದು. ಹಾಗೆ ಮಾಡಲಾಗದು. ಡಾಕ್ಸೊರುಬಿಸಿನ್ ಎಂಬ ಔಷಧವನ್ನೇ ನೋಡಿ. ಸ್ತನದ ಕ್ಯಾನ್ಸರ್, ರಕ್ತದ ಕೆಲವು ಕ್ಯಾನ್ಸರ್‌ಗಳು, ಸ್ನಾಯು ಮತ್ತು ಕೊಬ್ಬಿನಂಥ ಮೆದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇವಕ್ಕೆಲ್ಲ ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಇದರ ಬಣ್ಣ ಕೆಂಪು. ಔಷಧ ಹಾಕಿದ ಮೇಲೆ ಮೂತ್ರವೂ ಕೆಂಪಾಗಿ, ಮನೆಯವರು ರಕ್ತವೆಂದು ಗಾಬರಿಯಾಗುವುದುಂಟು. ಒಳ್ಳೆಯ ಔಷಧ, ಆದರೆ ಒಬ್ಬರ ಜೀವಮಾನದಲ್ಲಿ ಇಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಅದಕ್ಕಿದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 450ರಿಂದ 550 ಮಿಲಿಗ್ರಾಂ ದಾಟಿದರೆ ಹೃದಯದ ಸ್ನಾಯು ಸೋಲುವ ಅಪಾಯ ಏರುತ್ತಾ ಹೋಗುತ್ತದೆ. ಗಂತಿಯನ್ನು ಕೊಲ್ಲಲು ಹೊರಟು ಹೃದಯವನ್ನು ಕೆಡಿಸಿಕೊಂಡರೆ ಏನು ಬಂತು?

ಆದ್ದರಿಂದ ವೈದ್ಯರೂ ವಿಜ್ಞಾನಿಗಳೂ ಬಹುಕಾಲದಿಂದ ಬೇರೊಂದು ದಾರಿ ಹುಡುಕುತ್ತಿದ್ದಾರೆ. ಕೊಡುವ ಔಷಧ ಅಷ್ಟೇ ಇರಲಿ, ಗಂತಿಗೆ ಸೇರುವ ಪಾಲು ಹೆಚ್ಚಲಿ ಎಂಬುದು ಅವರ ಲೆಕ್ಕ. ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ಕಾವು, ಅಂದರೆ ಶಾಖ. ಕಾವು ಎಂದೊಡನೆ ನಿಮಗೆ ಬಿಸಿನೀರಿನ ಚೀಲವೋ ಉಪ್ಪಿನ ಗಂಟೋ ನೆನಪಾದರೆ ತಪ್ಪಿಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ಅದಲ್ಲ. ಎರಡಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದೂ ಅರ್ಥವಾಗುತ್ತದೆ, ಹೊರಗೆ ಯಾರಾದರೂ ಮರುಳು ಮಾಡಲು ಬಂದರೂ ಗೊತ್ತಾಗುತ್ತದೆ.

ಕಾಲುವೆಯ ಕೊನೆಯ ಹೊಲ

ಗಂತಿಗೆ ಔಷಧ ಸರಿಯಾಗಿ ತಲುಪದಿರುವುದೇಕೆ ಎಂಬುದನ್ನು ಮೊದಲು ನೋಡೋಣ. ನಮ್ಮ ದೇಹದಲ್ಲಿ ರಕ್ತನಾಳಗಳು ಕ್ರಮವಾಗಿ ಬೆಳೆದಿರುತ್ತವೆ. ದೊಡ್ಡ ನಾಳ, ಅದರಿಂದ ಚಿಕ್ಕದು, ಅದರಿಂದ ಕೂದಲೆಳೆಗಿಂತ ಸಣ್ಣದಾದ ಲೋಮನಾಳ. ಯಾವ ಜೀವಕೋಶವೂ ಲೋಮನಾಳದಿಂದ ಬಹು ದೂರ ಇರುವುದಿಲ್ಲ. ಗಂತಿಯದು ಹಾಗಲ್ಲ. ಅದು ಅವಸರದಲ್ಲಿ ಬೆಳೆಯುತ್ತದೆ, ತನಗೆ ಬೇಕಾದ ರಕ್ತನಾಳಗಳನ್ನೂ ಅವಸರದಲ್ಲೇ ಹುಟ್ಟಿಸಿಕೊಳ್ಳುತ್ತದೆ. ಅವು ಅಂಕುಡೊಂಕಾಗಿ, ಎಲ್ಲೋ ಹಿಗ್ಗಿ, ಎಲ್ಲೋ ಕುಗ್ಗಿ, ಕೆಲವು ಕಡೆ ಮುಂದೆ ದಾರಿಯೇ ಇಲ್ಲದೆ ನಿಂತುಹೋಗಿರುತ್ತವೆ. ನಾಲೆಯ ನೀರು ಮೇಲ್ಭಾಗದ ಗದ್ದೆಗಳಲ್ಲೇ ಮುಗಿದು ಕೊನೆಯ ಭಾಗದ ರೈತರ ಹೊಲಕ್ಕೆ ಬರುವುದೇ ಇಲ್ಲವೆಂಬ ದೂರನ್ನು ನೀವು ಇದೇ ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೀರಿ. ಗಂತಿಯ ಒಳಭಾಗದ ಸ್ಥಿತಿ ಅದೇ. ಅಂಚಿಗೆ ರಕ್ತ ಬರುತ್ತದೆ, ರಕ್ತದೊಡನೆ ಔಷಧವೂ ಬರುತ್ತದೆ. ನಡುಭಾಗಕ್ಕೆ ಎರಡೂ ಸರಿಯಾಗಿ ಮುಟ್ಟುವುದಿಲ್ಲ.

ಇನ್ನೊಂದು ತೊಡಕೂ ಇದೆ. ರಕ್ತನಾಳಗಳಿಂದ ಹೊರಗೆ ಸೋರಿದ ದ್ರವ ಸಾಮಾನ್ಯ ಅಂಗಾಂಶದಲ್ಲಾದರೆ ದುಗ್ಧನಾಳಗಳ ಮೂಲಕ ಬಸಿದುಹೋಗುತ್ತದೆ. ಗಂತಿಯೊಳಗೆ ಆ ಬಸಿಗಾಲುವೆಗಳು ಕೆಲಸ ಮಾಡುವುದಿಲ್ಲ. ದ್ರವ ಅಲ್ಲೇ ನಿಂತು ಒಳಗಿನ ಒತ್ತಡ ಏರುತ್ತದೆ. ಆ ಒತ್ತಡವೇ ಹೊಸದಾಗಿ ಬರುವ ಔಷಧವನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ತಳ್ಳುತ್ತದೆ. ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್ ಅವರು ಈ ವಿಷಯವನ್ನು ವರ್ಷಾನುಗಟ್ಟಲೆ ಅಳೆದು ತೂಗಿ ತೋರಿಸಿದವರಲ್ಲಿ ಪ್ರಮುಖರು. ಕ್ಯಾನ್ಸರ್‌ನ ಒಂದು ಮುಖ್ಯ ಸಮಸ್ಯೆಯನ್ನು ವೈದ್ಯರಲ್ಲದ, ಕೊಳವೆ ಒತ್ತಡಗಳ ಲೆಕ್ಕ ಬಲ್ಲ ಎಂಜಿನಿಯರ್ ಒಬ್ಬರು ಬಿಡಿಸಿ ತೋರಿಸಿದ್ದು ಗಮನಿಸಬೇಕಾದ ಸಂಗತಿ.

ಎಷ್ಟು ಕಾವು, ಎಷ್ಟು ಹೊತ್ತು?

ಆರೋಗ್ಯವಂತರ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಗಂತಿಯನ್ನು ಮಾತ್ರ 40ರಿಂದ 43 ಡಿಗ್ರಿಯವರೆಗೆ ಬಿಸಿ ಮಾಡಿ, ಒಂದು ಗಂಟೆಯಷ್ಟು ಹೊತ್ತು ಹಾಗೆಯೇ ಇಟ್ಟರೆ ಮೂರು ಪರಿಣಾಮಗಳು ಕಾಣುತ್ತವೆ. ಮೊದಲನೆಯದಾಗಿ ರಕ್ತನಾಳಗಳು ಹಿಗ್ಗಿ ರಕ್ತದ ಹರಿವು ಹೆಚ್ಚುತ್ತದೆ. ಬಿಸಿನೀರಿನಲ್ಲಿ ಕೈ ಅದ್ದಿದಾಗ ಚರ್ಮ ಕೆಂಪಾಗುವುದಿಲ್ಲವೆ, ಹಾಗೆ. ಹರಿವು ಹೆಚ್ಚಿದರೆ ಹೆಚ್ಚು ಔಷಧ ಬರುತ್ತದೆ. ಎರಡನೆಯದಾಗಿ ರಕ್ತನಾಳದ ಗೋಡೆಯಲ್ಲಿ ಜೀವಕೋಶ ಜೀವಕೋಶಗಳ ನಡುವಿನ ಸಂದುಗಳು ಅಗಲವಾಗುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮನುಷ್ಯರ ಅಂಡಾಶಯದ ಗಂತಿಯನ್ನು ಇಲಿಗಳಲ್ಲಿ ಬೆಳೆಸಿ ಇದನ್ನು ಪರೀಕ್ಷಿಸಿದರು. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಗಾತ್ರದ ಕಣಗಳು 34 ಡಿಗ್ರಿಯಲ್ಲಿ ರಕ್ತನಾಳದಿಂದ ಹೊರಗೆ ಬರಲೇ ಇಲ್ಲ. 40 ಡಿಗ್ರಿಯಲ್ಲಿ ಬರತೊಡಗಿದವು, 42ರವರೆಗೆ ಹೆಚ್ಚುತ್ತಾ ಹೋದವು. ಒಂದೆರಡು ಡಿಗ್ರಿಯಲ್ಲಿ ಎಷ್ಟು ಅಂತರ!

ಮೂರನೆಯ ಪರಿಣಾಮ ಜೀವಕೋಶದ ಒಳಗೆ. ಸಿಸ್‌ಪ್ಲಾಟಿನ್‌ನಂಥ ಔಷಧಗಳು ಕ್ಯಾನ್ಸರ್ ಜೀವಕೋಶದ ಡಿಎನ್‌ಎ ಎಳೆಯನ್ನು ಘಾಸಿಗೊಳಿಸಿ ಕೊಲ್ಲುತ್ತವೆ. ಜೀವಕೋಶ ಸುಮ್ಮನಿರುವುದಿಲ್ಲ, ಹರಿದುದನ್ನು ಹೊಲಿದುಕೊಳ್ಳಲು ನೋಡುತ್ತದೆ. ಈ ರಿಪೇರಿ ಕೆಲಸಕ್ಕೆ ಬೇಕಾದ ಒಂದು ಪ್ರೋಟೀನು 41ರಿಂದ 42.5 ಡಿಗ್ರಿ ಕಾವಿನಲ್ಲಿ ನಾಶವಾಗುತ್ತದೆಂದು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಹೊಡೆತ ಬಿದ್ದಾಗ ದರ್ಜಿಯ ಸೂಜಿಯನ್ನೂ ಕಿತ್ತುಕೊಂಡಂತೆ ಆಯಿತು.

ಹಾಗಾದರೆ 50 ಡಿಗ್ರಿಗೆ ಏರಿಸಿಬಿಟ್ಟರೆ? ಇಲ್ಲೇ ಸೂಕ್ಷ್ಮವಿರುವುದು. 43 ದಾಟಿ ಮೇಲೆ ಹೋದಂತೆ ಗಂತಿಯ ರಕ್ತನಾಳಗಳು ಹಿಗ್ಗುವ ಬದಲು ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಔಷಧಕ್ಕೆ ತೆರೆದ ಬಾಗಿಲು ಮತ್ತೆ ಮುಚ್ಚಿತು. ಗಂತಿಯನ್ನು ಸುಟ್ಟುಹಾಕುವ ಚಿಕಿತ್ಸೆಯೂ ಇದೆ, ಆದರೆ ಅದು ಬೇರೆ ವಿದ್ಯೆ, ಅದರ ಉದ್ದೇಶ ಬೇರೆ. ಔಷಧವನ್ನು ಒಳಗೆ ಬಿಡಿಸಿಕೊಳ್ಳಬೇಕಾದರೆ ಅನ್ನದ ಗಂಜಿ ಕುದಿಯದಂತೆ ಸಣ್ಣ ಉರಿಯಲ್ಲಿ ಕಾಯುವ ತಾಳ್ಮೆ ಬೇಕು. ಅದನ್ನೂ ದೇಹದ ಆಳದಲ್ಲಿ, ಪಕ್ಕದ ಕರುಳಿಗೋ ನರಕ್ಕೋ ಕಾವು ತಾಗದಂತೆ ಮಾಡಬೇಕು. ಆಳದಲ್ಲಿರುವ ಗಂತಿಗೆ ರೇಡಿಯೊ ಅಲೆಗಳನ್ನೋ ಅಲ್ಟ್ರಾಸೌಂಡನ್ನೋ ಸುತ್ತಣಿಂದ ಒಂದೆಡೆ ಕೂಡುವಂತೆ ಹಾಯಿಸುತ್ತಾರೆ. ಒಳಗಿನ ಬಿಸಿಯನ್ನು ಅಳೆಯಲು ತೆಳ್ಳನೆಯ ತಂತಿಗಳನ್ನು ಇಡುತ್ತಾರೆ. ಕೆಲವು ದೊಡ್ಡ ಕೇಂದ್ರಗಳಲ್ಲಿ ಎಂಆರ್‌ಐ ಯಂತ್ರದಿಂದಲೇ ಬಿಸಿಯ ನಕ್ಷೆ ತೆಗೆಯುತ್ತಾರೆ.

ಹಳೆಯ ಜಾಡು

ಕಾವಿಗೂ ಕ್ಯಾನ್ಸರ್‌ಗೂ ನಂಟಿರಬಹುದೆಂಬ ಅನುಮಾನ ಹಳೆಯದು. 1866ರಲ್ಲಿ ಜರ್ಮನಿಯ ಬಾನ್ ನಗರದ ಶಸ್ತ್ರವೈದ್ಯ ವಿಲ್‌ಹೆಲ್ಮ್ ಬುಷ್ ಒಂದು ವರದಿ ಬರೆದರು. ಮುಖದಲ್ಲಿ ಗಂತಿ ಇದ್ದ ರೋಗಿಯೊಬ್ಬರಿಗೆ ಚರ್ಮದ ಸೋಂಕು ತಗುಲಿ ತೀವ್ರ ಜ್ವರ ಬಂದು, ಆಮೇಲೆ ಗಂತಿ ಕಾಣೆಯಾಯಿತು ಎಂಬುದು ಅದರ ಸಾರ. 1890ರ ದಶಕದಲ್ಲಿ ನ್ಯೂಯಾರ್ಕ್‌ನ ವಿಲಿಯಂ ಕೋಲಿ ಬೇಕೆಂದೇ ಬ್ಯಾಕ್ಟೀರಿಯಾಗಳನ್ನು, ಬಳಿಕ ಅವುಗಳ ಸತ್ವವನ್ನು ಚುಚ್ಚಿ ಜ್ವರ ಬರಿಸಿ ನೋಡಿದರು. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಜ್ವರದ ಕಾವಿಗಿಂತ ಹೆಚ್ಚಾಗಿ ದೇಹದ ರೋಗನಿರೋಧಕ ಶಕ್ತಿ ಎಂದು ಈಗ ತಿಳಿಯಲಾಗಿದೆ. ಈ ಕಥೆಗಳನ್ನು ಮುಂದಿಟ್ಟು ‘ಜ್ವರ ಬಂದರೆ ಕ್ಯಾನ್ಸರ್ ಹೋಗುತ್ತದೆ’ ಎನ್ನುವವರು ಇಂದಿಗೂ ಸಿಗುತ್ತಾರೆ. ಅದು ಎಷ್ಟು ಅಪಾಯದ ಮಾತೆಂಬುದನ್ನು ಮುಂದೆ ಹೇಳುತ್ತೇನೆ.

ಕಾವನ್ನೂ ಔಷಧವನ್ನೂ ಲೆಕ್ಕ ಹಾಕಿ ಜೋಡಿಸಿದ ಮೊದಲ ಕೆಲಸ ಕೈಕಾಲುಗಳ ಗಂತಿಯ ಮೇಲೆ ನಡೆಯಿತು. 1957ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಆಸ್ಕರ್ ಕ್ರೀಚ್ ಮತ್ತು ಅವರ ಸಂಗಡಿಗರು ರೋಗಿಯ ಕಾಲಿನ ರಕ್ತ ಸಂಚಾರವನ್ನು ಉಳಿದ ದೇಹದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿ, ಯಂತ್ರದ ಮೂಲಕ ಕಾಲಿಗೆ ಮಾತ್ರ ಔಷಧ ಹರಿಸಿದರು. ಹತ್ತು ವರ್ಷಗಳ ಬಳಿಕ ಇಟಲಿಯ ವೈದ್ಯರು ಆ ರಕ್ತವನ್ನು ಬಿಸಿ ಮಾಡಿ ಹರಿಸಿದರು. ಕತ್ತರಿಸಿಹಾಕಬೇಕಾಗಿದ್ದ ಎಷ್ಟೋ ಕಾಲುಗಳು ಈ ಬಗೆಯ ಚಿಕಿತ್ಸೆಯಿಂದ ಉಳಿದಿವೆ.

ಹೊಟ್ಟೆಯೊಳಗಿನ ಬಿಸಿ ಔಷಧ

ಈಗ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವುದು ಹೈಪೆಕ್ ಎಂಬ ಹೆಸರು. ಬೆಂಗಳೂರೂ ಸೇರಿ ದೇಶದ ಹಲವು ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಮಾಡುತ್ತಾರೆ. ಅಂಡಾಶಯ, ದೊಡ್ಡಕರುಳು, ಅಪೆಂಡಿಕ್ಸ್ ಮುಂತಾದ ಕಡೆ ಹುಟ್ಟಿದ ಕ್ಯಾನ್ಸರ್ ಕೆಲವೊಮ್ಮೆ ಹೊಟ್ಟೆಯ ಒಳಗೋಡೆಯ ಪೊರೆಯ ಮೇಲೆ ರಾಗಿಕಾಳು ಚೆಲ್ಲಿದಂತೆ ಹರಡಿಕೊಳ್ಳುತ್ತದೆ. ಈ ಪೊರೆಗೆ ರಕ್ತದ ಮೂಲಕ ಬರುವ ಔಷಧ ಕಡಿಮೆ. ಆದ್ದರಿಂದ ಶಸ್ತ್ರವೈದ್ಯರು ಮೊದಲು ಹೊಟ್ಟೆ ತೆರೆದು ಕಣ್ಣಿಗೆ ಕಾಣುವ ಗಂತಿಗಳನ್ನೆಲ್ಲ ಒಂದೊಂದಾಗಿ ತೆಗೆಯುತ್ತಾರೆ. ಹಲವು ಗಂಟೆಗಳ ಕೆಲಸ. ಅದಾದ ಮೇಲೆ ಅದೇ ಮೇಜಿನ ಮೇಲೆ ಕೊಳವೆಗಳ ಮೂಲಕ ಬಿಸಿ ಮಾಡಿದ ಔಷಧದ್ರವವನ್ನು ಹೊಟ್ಟೆಯೊಳಗೆ ಸುತ್ತಾಡಿಸಿ ಮತ್ತೆ ಹೊರತೆಗೆಯುತ್ತಾರೆ. ಉಳಿದಿರಬಹುದಾದ ಕಣ್ಣಿಗೆ ಕಾಣದ ಕ್ಯಾನ್ಸರ್ ಜೀವಕೋಶಗಳು ಔಷಧದಲ್ಲೇ ಮುಳುಗಿರುತ್ತವೆ, ರಕ್ತಕ್ಕೆ ಸೇರುವ ಪಾಲು ಮಾತ್ರ ಕಡಿಮೆ. ಮನುಷ್ಯರಲ್ಲಿ ಇದನ್ನು ಮಾಡಿದ ಮೊದಲ ವರದಿ ಬಂದದ್ದು 1980ರಲ್ಲಿ, ಅಮೆರಿಕದ ಲೂಯಿವಿಲ್ ನಗರದಿಂದ.

ಇಲ್ಲಿ ಒಂದು ಮಾತು ನೆನಪಿಡಿ. ಬಿಸಿ ಔಷಧ ಅಂಗಾಂಶದೊಳಗೆ ಇಳಿಯುವುದು ಕೆಲವೇ ಮಿಲಿಮೀಟರಿನಷ್ಟು. ಗಜ್ಜರಿ ಗಾತ್ರದ ಗಂತಿ ಉಳಿದಿದ್ದರೆ ಅದರ ಹೊಟ್ಟೆಯೊಳಕ್ಕೆ ಔಷಧ ಹೋಗುವುದಿಲ್ಲ. ಆದ್ದರಿಂದ ಶಸ್ತ್ರಕ್ರಿಯೆ ಎಷ್ಟು ಚೊಕ್ಕಟವಾಗಿ ಆಯಿತು ಎಂಬುದರ ಮೇಲೆಯೇ ಫಲ ನಿಂತಿದೆ.

ಫಲ ಏನು? ನೆದರ್ಲೆಂಡ್ಸ್‌ನಲ್ಲಿ ಅಂಡಾಶಯದ ಕ್ಯಾನ್ಸರ್ ಮೂರನೆಯ ಹಂತದಲ್ಲಿದ್ದ 245 ಮಹಿಳೆಯರ ಮೇಲೆ ಪರೀಕ್ಷೆ ನಡೆಯಿತು. ಎಲ್ಲರಿಗೂ ಮೊದಲು ಮೂರು ಸರದಿ ಔಷಧ ಕೊಟ್ಟು, ಆಮೇಲೆ ಶಸ್ತ್ರಕ್ರಿಯೆ. ಅರ್ಧದಷ್ಟು ಮಂದಿಗೆ ಮಾತ್ರ ಶಸ್ತ್ರಕ್ರಿಯೆಯ ಕೊನೆಯಲ್ಲಿ 40 ಡಿಗ್ರಿಯ ಸಿಸ್‌ಪ್ಲಾಟಿನ್ ದ್ರವವನ್ನು 90 ನಿಮಿಷ ಹರಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬರೀ ಶಸ್ತ್ರಕ್ರಿಯೆಯಾದವರ ಆಯಸ್ಸಿನ ಮಧ್ಯಮ ಅಳತೆ 33.9 ತಿಂಗಳಿದ್ದರೆ, ಬಿಸಿ ಔಷಧವೂ ಸಿಕ್ಕವರಲ್ಲಿ 45.7 ತಿಂಗಳು. ಹತ್ತಿರ ಹತ್ತಿರ ಒಂದು ವರ್ಷ ಹೆಚ್ಚು. 2023ರಲ್ಲಿ ಹತ್ತು ವರ್ಷಗಳ ಲೆಕ್ಕ ನೋಡಿದಾಗಲೂ ಈ ಅಂತರ ಉಳಿದಿತ್ತು. ಕೊರಿಯಾದಲ್ಲಿ 184 ಮಹಿಳೆಯರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಮೊದಲೇ ಔಷಧ ಪಡೆದು ನಂತರ ಶಸ್ತ್ರಕ್ರಿಯೆಗೆ ಬಂದವರನ್ನು ಪ್ರತ್ಯೇಕಿಸಿ ನೋಡಿದಾಗ ಲಾಭ ಕಂಡಿತು.

ದೊಡ್ಡಕರುಳಿನ ಕ್ಯಾನ್ಸರ್ ವಿಷಯದಲ್ಲಿ ಕಥೆ ಬೇರೆ. ಫ್ರಾನ್ಸ್‌ನಲ್ಲಿ 265 ರೋಗಿಗಳನ್ನು ಹೀಗೆಯೇ ಎರಡು ಗುಂಪು ಮಾಡಿ, ಒಂದು ಗುಂಪಿಗೆ 43 ಡಿಗ್ರಿಯಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು 30 ನಿಮಿಷ ಹರಿಸಿದರು. 2021ರಲ್ಲಿ ಫಲಿತಾಂಶ ಬಂತು. ಬಿಸಿ ಔಷಧ ಸಿಕ್ಕವರಲ್ಲಿ 41.7 ತಿಂಗಳು, ಸಿಗದವರಲ್ಲಿ 41.2 ತಿಂಗಳು. ಏನೂ ವ್ಯತ್ಯಾಸವಿಲ್ಲ. ಮೇಲಾಗಿ ಶಸ್ತ್ರಕ್ರಿಯೆಯ ಎರಡನೆಯ ತಿಂಗಳಲ್ಲಿ ಗಂಭೀರ ತೊಂದರೆಗಳು ಬಿಸಿ ಔಷಧದವರಲ್ಲಿ ನೂರಕ್ಕೆ 26 ಮಂದಿಗೆ, ಇತರರಲ್ಲಿ 15 ಮಂದಿಗೆ. ಇದನ್ನು ಓದಿ ಹೈಪೆಕ್ ಸುಳ್ಳು ಎನ್ನಬೇಡಿ, ಮೇಲಿನದನ್ನು ಓದಿ ಎಲ್ಲರಿಗೂ ಬೇಕು ಎನ್ನಲೂ ಬೇಡಿ. ಯಾವ ಕ್ಯಾನ್ಸರ್, ಯಾವ ಔಷಧ, ಎಷ್ಟು ಕಾವು, ಎಷ್ಟು ಹೊತ್ತು, ಎಲ್ಲವೂ ಬೇರೆ ಬೇರೆ. ಒಂದೇ ಹೆಸರಿನ ಚಿಕಿತ್ಸೆ ಎಂದಮಾತ್ರಕ್ಕೆ ಪಕ್ಕದ ಮನೆಯವರಿಗೆ ಆದದ್ದು ನಿಮ್ಮವರಿಗೂ ಆಗಬೇಕೆಂದಿಲ್ಲ. ಖರ್ಚಿನ ಚಿಕಿತ್ಸೆ, ಚೇತರಿಸಿಕೊಳ್ಳಲು ವಾರಗಳೇ ಬೇಕು. ಹೊಲ ಮಾರಿಯೋ ಸಾಲ ಮಾಡಿಯೋ ಹಣ ಹೊಂದಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳುವುದು ನಿಮ್ಮ ಹಕ್ಕು.

ಹೊರಗಿನಿಂದ ಕಾವು ಕೊಟ್ಟು ರಕ್ತದ ಮೂಲಕ ಔಷಧ ಹರಿಸಿದ ದೊಡ್ಡ ಪರೀಕ್ಷೆ ಮೆದು ಅಂಗಾಂಶಗಳ ಕ್ಯಾನ್ಸರ್ ಮೇಲೆ ಯೂರೋಪಿನಲ್ಲಿ ನಡೆಯಿತು. ಜರ್ಮನಿಯ ವೈದ್ಯರ ಮುಂದಾಳತ್ವ, 341 ರೋಗಿಗಳು. ಐದು ವರ್ಷಗಳ ಬಳಿಕ ಬರೀ ಔಷಧ ಪಡೆದವರಲ್ಲಿ ನೂರಕ್ಕೆ 51 ಮಂದಿ ಬದುಕಿದ್ದರೆ, ಕಾವು ಮತ್ತು ಔಷಧ ಎರಡೂ ಪಡೆದವರಲ್ಲಿ 63 ಮಂದಿ. ಹತ್ತು ವರ್ಷಗಳ ಬಳಿಕವೂ 43ಕ್ಕೆ 53. ನೂರರಲ್ಲಿ ಹತ್ತು ಜೀವ ಹೆಚ್ಚು ಉಳಿಯಿತೆಂದರೆ ಸಣ್ಣ ಮಾತಲ್ಲ. ವಿಕಿರಣ ಚಿಕಿತ್ಸೆಯೊಡನೆ ಕಾವು ಸೇರಿಸುವ ಪ್ರಯತ್ನವೂ ನಡೆದಿದೆ. ಮುಂಬಯಿಯ ನಾನಾವತಿ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದವರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನದಲ್ಲಿ ಬರೀ ವಿಕಿರಣದಿಂದ ನೂರಕ್ಕೆ 42 ಮಂದಿಯ ಗಂತಿ ಪೂರ್ತಿ ಕರಗಿದರೆ, ಕಾವೂ ಸೇರಿದಾಗ 79 ಮಂದಿಯದು ಕರಗಿತು.

ತುಪ್ಪದಂತೆ ಕರಗುವ ಗುಳ್ಳೆ

ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಣತನದ ಯೋಚನೆ ಕೊಬ್ಬಿನ ಗುಳ್ಳೆಯದು. ಲೈಪೋಸೋಮ್ ಎಂದು ಇದರ ಹೆಸರು. ಕೊಬ್ಬಿನ ಅಣುಗಳನ್ನು ನೀರಿನಲ್ಲಿ ಕಲಕಿದರೆ ಅವು ತಾವಾಗಿಯೇ ಒಂದಕ್ಕೊಂದು ಅಂಟಿ ಸೂಕ್ಷ್ಮವಾದ ಪೊಳ್ಳು ಗುಳ್ಳೆಗಳಾಗುತ್ತವೆ ಎಂಬುದನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ಕಂಡರು. ಆ ಪೊಳ್ಳಿನಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಟ್ಟರೆ? ಔಷಧ ಗುಳ್ಳೆಯೊಳಗೆ ಬಂದಿಯಾಗಿರುವುದರಿಂದ ಹೃದಯಕ್ಕೆ ತಾಗುವುದು ಕಡಿಮೆ. ಡಾಕ್ಸೊರುಬಿಸಿನ್ ತುಂಬಿದ ಇಂಥ ಗುಳ್ಳೆಗಳಿಗೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಇಂದು ನಮ್ಮಲ್ಲೂ ಬಳಕೆಯಲ್ಲಿದೆ. ಆದರೆ ಅವು ಔಷಧವನ್ನು ಬಿಟ್ಟುಕೊಡುವುದು ಬಹಳ ನಿಧಾನ. ಗಂತಿಯ ಬಾಗಿಲಿಗೆ ಬಂದರೂ ಮೂಟೆ ಬಿಚ್ಚುವುದಿಲ್ಲ.

ಚಳಿಗಾಲದಲ್ಲಿ ಡಬ್ಬಿಯೊಳಗೆ ಹೆಪ್ಪುಗಟ್ಟಿದ ತುಪ್ಪವನ್ನು ಒಲೆಯ ಪಕ್ಕದಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಸಡಿಲಾಗುತ್ತದೆ. ಎಲ್ಲ ಕೊಬ್ಬಿಗೂ ಹೀಗೆ ಸಡಿಲಾಗುವ ಒಂದು ಉಷ್ಣತೆ ಇದೆ. ಗುಳ್ಳೆ ಕಟ್ಟುವ ಕೊಬ್ಬನ್ನು ಜಾಣತನದಿಂದ ಆರಿಸಿದರೆ 37 ಡಿಗ್ರಿಯಲ್ಲಿ ಗಟ್ಟಿಯಾಗಿ, 41ರ ಆಸುಪಾಸಿನಲ್ಲಿ ಸಡಿಲಾಗುವ ಗುಳ್ಳೆ ಮಾಡಬಹುದಲ್ಲ! ಈ ಮಾತನ್ನು 1978ರಲ್ಲಿ ಅಮೆರಿಕದ ಮಿಲ್ಟನ್ ಯಾಟ್ವಿನ್ ಮತ್ತು ಸಂಗಡಿಗರು ಮುಂದಿಟ್ಟರು. ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ನೀಡ್‌ಹ್ಯಾಮ್ ಅದನ್ನು ಸುಧಾರಿಸಿ, ಕಾವು ತಾಗಿದ ಸೆಕೆಂಡುಗಳಲ್ಲೇ ಔಷಧ ಚೆಲ್ಲುವ ಗುಳ್ಳೆ ತಯಾರಿಸಿದರು. ರೋಗಿಯ ರಕ್ತಕ್ಕೆ ಈ ಗುಳ್ಳೆಗಳನ್ನು ಬಿಟ್ಟು ಗಂತಿಯನ್ನು ಮಾತ್ರ ಬಿಸಿ ಮಾಡಿದರೆ, ರಕ್ತ ಗಂತಿಯನ್ನು ಹಾದುಹೋಗುವಾಗಲೇ ಗುಳ್ಳೆ ಸಡಿಲಾಗಿ ಔಷಧ ಅಲ್ಲೇ ಸುರಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಬೇರೆ ಬೇಕಿಲ್ಲ.

ರೋಗಿಗಳ ಮೇಲೆ ನಡೆದ ಪರೀಕ್ಷೆ ಅಷ್ಟು ಚೆಂದವಾಗಲಿಲ್ಲ. ಥರ್ಮೊಡಾಕ್ಸ್ ಎಂಬ ಹೆಸರಿನ ಈ ಔಷಧವನ್ನು ಪಿತ್ತಜನಕಾಂಗದ ಕ್ಯಾನ್ಸರ್ ಇದ್ದ 701 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಬಳಸಿದರು. ಎಲ್ಲರ ಗಂತಿಯನ್ನೂ ರೇಡಿಯೊ ಅಲೆಯ ಸೂಜಿಯಿಂದ ಸುಟ್ಟು, ಅರ್ಧದಷ್ಟು ಮಂದಿಗೆ ಗುಳ್ಳೆಯ ಔಷಧವನ್ನೂ ಕೊಟ್ಟರು. ಸುಟ್ಟ ಜಾಗದ ಸುತ್ತ ಹದವಾಗಿ ಬಿಸಿಯಾದ ಅಂಚಿನಲ್ಲಿ ಔಷಧ ಸುರಿದು, ಉಳಿದ ಕ್ಯಾನ್ಸರ್ ಸಾಯಲಿ ಎಂಬುದು ಎಣಿಕೆ. 2013ರ ಜನವರಿಯಲ್ಲಿ ಫಲಿತಾಂಶ ಹೊರಬಿತ್ತು: ಲಾಭವಿಲ್ಲ. ಲೆಕ್ಕವನ್ನು ಮತ್ತೆ ಕೆದಕಿದಾಗ, 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾವು ಸಿಕ್ಕವರಿಗೆ ಒಳ್ಳೆಯದಾದಂತೆ ಕಂಡಿತು. ಹಾಗಾದರೆ ಎಲ್ಲರಿಗೂ ಅಷ್ಟು ಹೊತ್ತು ಕಾವು ಕೊಟ್ಟು ನೋಡೋಣವೆಂದು 556 ರೋಗಿಗಳೊಡನೆ ಎರಡನೆಯ ಪರೀಕ್ಷೆ ಹೂಡಿದರು. 2020ರಲ್ಲಿ ಅದೂ ಸೋತಿತು. ಮುಗಿದ ಮೇಲೆ ಲೆಕ್ಕ ಕೆದಕಿ ಸಿಕ್ಕ ಒಳ್ಳೆಯ ಸುದ್ದಿಯನ್ನು ನಂಬುವ ಮೊದಲು ಮತ್ತೊಮ್ಮೆ ಪರೀಕ್ಷಿಸಬೇಕೆಂಬ ಕಟ್ಟುಪಾಡು ವೈದ್ಯಶಾಸ್ತ್ರದಲ್ಲಿ ಇರುವುದು ಇದಕ್ಕಾಗಿಯೇ.

ಹಾಗೆಂದು ಗುಳ್ಳೆ ತನ್ನ ಕೆಲಸ ಮಾಡಲಿಲ್ಲವೆ? ಅದಕ್ಕೆ ಉತ್ತರ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಿಂದ 2018ರಲ್ಲಿ ಬಂತು. ಪಿತ್ತಜನಕಾಂಗದಲ್ಲಿ ಗಂತಿ ಇದ್ದ ಹತ್ತು ರೋಗಿಗಳಿಗೆ ಇದೇ ಔಷಧ ಕೊಟ್ಟು, ದೇಹದ ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಗಂತಿಯ ಮೇಲೆ ಕೂಡಿಸಿ ಹದವಾಗಿ ಬಿಸಿ ಮಾಡಿದರು. ಕಾವು ಕೊಡುವ ಮೊದಲು ಮತ್ತು ಆಮೇಲೆ ಗಂತಿಯ ಚೂರನ್ನು ಸೂಜಿಯಿಂದ ತೆಗೆದು ಅದರಲ್ಲಿದ್ದ ಔಷಧವನ್ನು ಅಳೆದರು. ಸರಾಸರಿ 3.7 ಪಟ್ಟು ಹೆಚ್ಚಾಗಿತ್ತು. ಕಾವು ಕೊಟ್ಟರೆ ಔಷಧ ಗಂತಿಗೆ ಹೆಚ್ಚು ಸೇರುತ್ತದೆ ಎಂಬುದು ಮನುಷ್ಯರಲ್ಲೇ ಅಳತೆಗೆ ಸಿಕ್ಕಂತಾಯಿತು. ಆದರೆ ಔಷಧ ಹೆಚ್ಚು ಸೇರಿತೆಂದರೆ ರೋಗಿ ಹೆಚ್ಚು ದಿನ ಬದುಕಿದರು ಎಂದು ಅರ್ಥವಲ್ಲ. ಈ ಎರಡರ ನಡುವಿನ ಅಂತರ ದಾಟುವ ಕೆಲಸ ಇನ್ನೂ ಬಾಕಿ ಇದೆ. ಪತ್ರಿಕೆಗಳಲ್ಲಿ ‘ಕ್ಯಾನ್ಸರ್‌ಗೆ ಹೊಸ ಅಸ್ತ್ರ’ ಎಂಬ ತಲೆಬರಹ ಕಂಡಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಅಳೆದದ್ದು ಗಂತಿಯಲ್ಲಿದ್ದ ಔಷಧವನ್ನೋ, ರೋಗಿಯ ಆಯಸ್ಸನ್ನೋ?

ತಂಪಿನಿಂದಲೂ ಉಪಯೋಗ

ಕಾವು ಔಷಧವನ್ನು ಕರೆಯುವುದಾದರೆ ತಂಪು ಅದನ್ನು ದೂರ ಇಡಬೇಕಲ್ಲವೆ? ಹಾಗೆಯೇ ಆಗುತ್ತದೆ. ಕೆಲವು ಔಷಧಗಳನ್ನು ಹಾಕುವಾಗ ರೋಗಿಯ ತಲೆಗೆ ಬಹಳ ತಣ್ಣಗಿನ ಟೊಪ್ಪಿ ತೊಡಿಸುತ್ತಾರೆ. ನೆತ್ತಿಯ ರಕ್ತನಾಳಗಳು ಮುದುರಿಕೊಂಡು ಕೂದಲ ಬೇರಿಗೆ ಹೋಗುವ ಔಷಧ ಕಡಿಮೆಯಾಗಿ, ಎಷ್ಟೋ ಜನರ ಕೂದಲು ಉಳಿಯುತ್ತದೆ. ಎಲ್ಲರಿಗೂ ಅಲ್ಲ, ರಕ್ತದ ಕ್ಯಾನ್ಸರ್ ಇದ್ದವರಿಗಂತೂ ಇದು ಸಲ್ಲದು. ಫ್ಲೋರೊಯುರಾಸಿಲ್ ಎಂಬ ಔಷಧವನ್ನು ಒಮ್ಮೆಗೇ ಚುಚ್ಚುವಾಗ ಬಾಯಲ್ಲಿ ಮಂಜುಗಡ್ಡೆಯ ಚೂರು ಇಟ್ಟುಕೊಂಡಿದ್ದರೆ ಬಾಯಿಹುಣ್ಣು ಕಡಿಮೆಯಾಗುತ್ತದೆ. ಖರ್ಚಿಲ್ಲದ ಉಪಾಯ, ನಿಮ್ಮ ವೈದ್ಯರನ್ನು ಕೇಳಿ ನೋಡಿ. ಆದರೆ ಆಕ್ಸಾಲಿಪ್ಲಾಟಿನ್ ಪಡೆಯುವವರು ಮಾತ್ರ ತಣ್ಣಗಿನದರಿಂದ ದೂರವಿರಬೇಕು. ಅವರಿಗೆ ಫ್ರಿಜ್ಜಿನ ನೀರು ಕುಡಿದರೂ ಗಂಟಲು ಹಿಡಿದಂತಾಗಿ, ಕೈಬೆರಳು ಜುಮುಗುಟ್ಟುತ್ತವೆ.

ಮನೆಯಲ್ಲಿ ಏನು ಬೇಡ, ಏನು ಬೇಕು

ಗಂತಿ ಇರುವ ಜಾಗಕ್ಕೆ ಮನೆಯಲ್ಲೇ ಕಾವು ಕೊಟ್ಟರೆ ಔಷಧ ಚೆನ್ನಾಗಿ ಹಿಡಿಯುತ್ತದೆಯೆ ಎಂದು ಕೇಳುವವರಿದ್ದಾರೆ. ಇಲ್ಲ. ಬಿಸಿನೀರಿನ ಚೀಲದ ಕಾವು ಚರ್ಮದ ಕೆಳಗೆ ಸ್ವಲ್ಪವೇ ಇಳಿಯುತ್ತದೆ, ಉಳಿದುದನ್ನು ರಕ್ತ ಹೊತ್ತೊಯ್ಯುತ್ತದೆ. ಹೊಟ್ಟೆಯ ಆಳದ ಗಂತಿಯನ್ನು 41 ಡಿಗ್ರಿಗೆ ತರುವಷ್ಟು ಹೊತ್ತಿಗೆ ಮೇಲಿನ ಚರ್ಮ ಬೆಂದುಹೋಗಿರುತ್ತದೆ. ವಿಕಿರಣ ಪಡೆದ ಜಾಗದ ಚರ್ಮವಂತೂ ಬಹಳ ನಾಜೂಕು. ಕೆಲವು ಔಷಧಗಳಿಂದ ಕೈಕಾಲುಗಳ ಸ್ಪರ್ಶಜ್ಞಾನ ಮಂಕಾಗುವುದರಿಂದ ಸುಡುತ್ತಿರುವುದೇ ರೋಗಿಗೆ ಗೊತ್ತಾಗುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ಮನೆಯ ಬೇರೊಬ್ಬರು ಮೊಳಕೈಯಿಂದ ಮುಟ್ಟಿ ನೋಡಿ ಕೊಡುವುದು ಒಳ್ಳೆಯದು. ಗಂಟಿನ ಮೇಲೆ ಬರೆ ಹಾಕಿಸುವ ಪದ್ಧತಿ ಅಲ್ಲಲ್ಲಿ ಇನ್ನೂ ಉಳಿದಿದೆ. ಅದರಿಂದ ಹುಣ್ಣು, ಸೋಂಕು, ಮತ್ತು ಚಿಕಿತ್ಸೆಗೆ ತಡ, ಇಷ್ಟೇ ಲಾಭ. ಕಾವೊಂದರಿಂದಲೇ ಕ್ಯಾನ್ಸರ್ ವಾಸಿ ಮಾಡುತ್ತೇವೆ, ಔಷಧ ಶಸ್ತ್ರಕ್ರಿಯೆ ಯಾವುದೂ ಬೇಡ ಎನ್ನುವವರ ಬಳಿ ಹಣ ಕಟ್ಟಬೇಡಿ. ಮೇಲೆ ಹೇಳಿದ ಪರೀಕ್ಷೆಗಳಲ್ಲೆಲ್ಲ ಕಾವು ಬಂದಿರುವುದು ಇನ್ನೊಂದು ಚಿಕಿತ್ಸೆಯ ಜೊತೆಗಾರನಾಗಿ.

ಇನ್ನು ಜ್ವರದ ಮಾತು. ಔಷಧ ಹಾಕಿಸಿಕೊಂಡ ಸುಮಾರು ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ರಕ್ತಕಣಗಳು ಬಹಳ ಇಳಿಯುತ್ತವೆ. ಆಗ ಬರುವ ಜ್ವರ ಗಂತಿಯನ್ನು ಸುಡುವ ಕಾವಲ್ಲ, ಸೋಂಕಿನ ಲಕ್ಷಣ. ‘ಔಷಧದ ಉಷ್ಣ, ಎಳನೀರು ಕುಡಿದರೆ ಇಳಿಯುತ್ತದೆ’ ಎಂದು ಬೆಳಗಿನವರೆಗೆ ಕಾಯ್ದು ಕೂತರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಅದು 38 ಡಿಗ್ರಿ ಸೆಂಟಿಗ್ರೇಡ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಚಳಿ ನಡುಕ ಬಂದರೆ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹೊರಡಿ. ಜ್ವರದ ಮಾತ್ರೆ ನುಂಗಿಸಿ ಜ್ವರವನ್ನು ಮರೆಮಾಚಬೇಡಿ. ಯಾವ ಔಷಧವನ್ನು ಯಾವ ದಿನ ಹಾಕಿದರು ಎಂಬುದು ಬರೆದಿರುವ ಚೀಟಿಯನ್ನು ಜೊತೆಗೆ ಒಯ್ದು, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೊದಲು ಅದನ್ನೇ ತೋರಿಸಿ.